ಮೋಟಾರಿನ ಗಾಲಿ ಬಿಗಿದು ನಿಲ್ಲುವುದೇಕೆ?

ಕಲಬುರಗಿ ನಗರದ ಹಳೆಯ ಬಡಾವಣೆಗಳಲ್ಲಿ ಮೋಮಿನಪುರವೂ ಒಂದು. ಅಲ್ಲಿಯ ಕಿರಿದಾದ ಓಣಿಯೊಂದರಲ್ಲಿ ಗೋಡೆಗೆ ಒತ್ತಿ ನಿಲ್ಲಿಸಿದ ಕಾರೊಂದನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಅದರ ಒಡೆಯರು ಮಳೆಗಾಲದ ನಡುವೆ ಪರಸ್ಥಳಕ್ಕೆ ಹೋದವರು ದಸರೆಯ ಹೊತ್ತಿಗೆ ಮರಳಿದ್ದಾರೆ. ಹೋಗುವಾಗ, ಕಾರು ಎಲ್ಲಿಯಾದರೂ ಉರುಳೀತೆಂಬ ಮುನ್ನೆಚ್ಚರಿಕೆಯಿಂದ, ಕೈಬ್ರೇಕನ್ನು ಬಲವಾಗಿ ಎಳೆದಿಟ್ಟಿದ್ದರು. ಈಗ ಬ್ಯಾಟರಿಗೆ ವಿದ್ಯುತ್ತು ತುಂಬಿಸಿ ಎಂಜಿನನ್ನು ಚಾಲೂ ಮಾಡಿದ್ದಾಯಿತು. ಕೈಬ್ರೇಕನ್ನು ಇಳಿಸಿದ್ದೂ ಆಯಿತು. ಆದರೆ ಗೇರು ಹಾಕಿದೊಡನೆ ಕಾರು ಒಮ್ಮೆ ಮೈ ಕುಗ್ಗಿಸಿ ನರಳುತ್ತದೆಯೇ ಹೊರತು ಮುಂದಕ್ಕೆ ಕದಲುವುದಿಲ್ಲ. ‘ಗಾಲಿ ಜಾಮ್ ಆಗ್ಯಾದ’ ಎಂದು ನೆರೆದವರು ತೀರ್ಪು ಕೊಡುತ್ತಾರೆ. ಕನ್ನಡವನ್ನಾಡುವವರಿಗೂ ಉರ್ದುವನ್ನಾಡುವವರಿಗೂ ಈ ‘ಜಾಮ್’ ಎಂಬ ಮಾತು ಅಲ್ಲಿ ಸಮಾನವಾದುದು.

ಇದು ನಿಂತ ಗಾಡಿಯ ಮಾತು. ಓಡುವ ಗಾಡಿಯ ಗಾಲಿಯೂ ಹೀಗೆಯೇ ಬಿಗಿಯಬಹುದು. ಕಲಬುರಗಿಯಿಂದ ಕಮಲಾಪುರದ ಮೇಲೆ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿ, ಮಳೆ ಬಿದ್ದು ನೆನೆದ ರಸ್ತೆಯ ಮೇಲೆ, ಎಮ್ಮೆಯೊಂದು ಅಡ್ಡ ಬಂದಿತೆನ್ನೋಣ. ಗಾಬರಿಗೊಂಡ ಚಾಲಕನು ಬ್ರೇಕನ್ನು ಬಲವೆಲ್ಲ ಬಿಟ್ಟು ತುಳಿಯುತ್ತಾನೆ. ಗಾಲಿಗಳು ಆ ಕ್ಷಣವೇ ತಿರುಗುವುದನ್ನು ನಿಲ್ಲಿಸುತ್ತವೆ. ಆದರೆ ಕಾರು ನಿಲ್ಲುವುದಿಲ್ಲ. ಅದು ಜಾರುತ್ತ ಸಾಗುತ್ತದೆ. ಚುಕ್ಕಾಣಿಯನ್ನು ಎಷ್ಟು ತಿರುಗಿಸಿದರೂ ಮೂಗು ಹೊರಳುವುದಿಲ್ಲ. ಮೊದಲನೆಯ ಸಂದರ್ಭದಲ್ಲಿ ಹಾಳಾದದ್ದು ಅರ್ಧ ದಿನ. ಎರಡನೆಯದರಲ್ಲಿ ಪಣಕ್ಕೆ ಬಿದ್ದಿರುವುದು ಪ್ರಾಣ.

ಈ ಎರಡಕ್ಕೂ ಸಂಬಂಧವೇನೆಂದು ಕೇಳಬಹುದು. ಹಿಡಿಯುವುದೇ ಬ್ರೇಕಿನ ಧರ್ಮವೆಂದು ನಾವೆಲ್ಲರೂ ತಿಳಿದಿದ್ದೇವೆ. ತಕ್ಕ ಸಮಯಕ್ಕೆ ಬಿಡುವುದೂ ಅದರ ಧರ್ಮವೇ ಎಂಬುದನ್ನು ಮರೆತಿರುತ್ತೇವೆ. ಬಿಡಬೇಕಾದುದು ಬಿಡದೆ ಹೋದಾಗಲೆಲ್ಲ ಗಾಲಿ ಬಿಗಿಯುತ್ತದೆ. ಅದು ಹೇಗೆಂಬುದನ್ನು ಕ್ರಮವಾಗಿ ವಿಚಾರಿಸೋಣ.

ಬ್ರೇಕು ಮಾಡುವ ಕೆಲಸ

ಹಳೆಯ ಮೈಸೂರಿನ ಕಡೆ ಬ್ರೇಕಿಗೆ ‘ಬಿರಿ’ ಎಂಬ ಅಚ್ಚಗನ್ನಡದ ಹೆಸರುಂಟು. ಇಳಿಜಾರಿನಲ್ಲಿ ಎತ್ತಿನ ಗಾಡಿಯ ಕಬ್ಬಿಣದ ಪಟ್ಟಿಗೆ ಮರದ ತುಂಡನ್ನು ಒತ್ತಿ ಹಿಡಿಯುವುದೇ ಬಿರಿ. ಇಂದಿನ ಕಾರಿನಲ್ಲಿಯೂ ತತ್ತ್ವ ಅದೇ. ಒಂದು ವಸ್ತುವನ್ನು ತಿರುಗುವ ಗಾಲಿಯ ಭಾಗಕ್ಕೆ ಒತ್ತಿ, ಘರ್ಷಣೆಯಿಂದ ಚಲನೆಯನ್ನು ಉಷ್ಣವಾಗಿ ಮಾರ್ಪಡಿಸುವುದೇ ಬ್ರೇಕಿನ ಕೆಲಸ. ಈ ಉಷ್ಣವು ಅಲ್ಪವಾದುದಲ್ಲ. ಸಾವಿರ ಕಿಲೋಗ್ರಾಂ ತೂಕದ ಕಾರು ಗಂಟೆಗೆ ೬೦ ಕಿ.ಮೀ. ವೇಗದಿಂದ ಬಂದು ನಿಂತರೆ, ಆಗ ಹೊರಬೀಳುವ ಉಷ್ಣವು ಸುಮಾರು ೪೦೦ ಮಿಲಿಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಪ್ರತಿಸಲ ನಿಲ್ಲಿಸುವಾಗಲೂ ಇಷ್ಟು ಉಷ್ಣವನ್ನು ಗಾಲಿಗಳ ಬಳಿಯ ಲೋಹವು ನುಂಗಿ ಗಾಳಿಗೆ ಬಿಡಬೇಕಾಗುತ್ತದೆ.

ಕಾರುಗಳಲ್ಲಿ ಎರಡು ಬಗೆಯ ಬ್ರೇಕುಗಳಿವೆ. ಒಂದರಲ್ಲಿ ಗಾಲಿಯೊಡನೆ ತಿರುಗುವ ಬೋಗುಣಿಯಂಥ ಡ್ರಮ್ಮಿನ ಒಳಗೆ ಅರ್ಧಚಂದ್ರಾಕಾರದ ಎರಡು ‘ಶೂ’ಗಳಿರುತ್ತವೆ, ಅವು ಹೊರಕ್ಕೆ ಹಿಗ್ಗಿ ಡ್ರಮ್ಮನ್ನು ಒತ್ತುತ್ತವೆ. ಇನ್ನೊಂದರಲ್ಲಿ ತಟ್ಟೆಯಂಥ ಡಿಸ್ಕನ್ನು ಎರಡು ಕಡೆಯಿಂದ ‘ಪ್ಯಾಡು’ಗಳು ಇಕ್ಕಳದಂತೆ ಹಿಡಿಯುತ್ತವೆ, ಈ ಇಕ್ಕಳಕ್ಕೆ ಕ್ಯಾಲಿಪರ್ ಎಂದು ಹೆಸರು. ಅನೇಕ ಕಾರುಗಳಲ್ಲಿ ಮುಂದಿನ ಗಾಲಿಗಳಿಗೆ ಡಿಸ್ಕು, ಹಿಂದಿನವಕ್ಕೆ ಡ್ರಮ್ಮು ಇರುತ್ತದೆ.

ಚಾಲಕನ ಕಾಲಿನ ಒತ್ತಡವು ಗಾಲಿಗೆ ತಲುಪುವುದು ದ್ರವದ ಮೂಲಕ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ದಿಕ್ಕಿಗೂ ಸಮನಾಗಿ ಹರಡುವುದೆಂಬ ನಿಯಮವನ್ನು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ಎಂಬ ಪಂಡಿತನು ನಿರೂಪಿಸಿದನು. ಆ ನಿಯಮವನ್ನು ಆಧರಿಸಿ ನಾಲ್ಕು ಗಾಲಿಗಳಿಗೂ ದ್ರವದ ಬ್ರೇಕನ್ನು ಅಳವಡಿಸಿದ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರು ೧೯೨೧ರಲ್ಲಿ ಬಂದಿತು. ಪೆಡಲನ್ನು ತುಳಿದಾಗ ‘ಮಾಸ್ಟರ್ ಸಿಲಿಂಡರ್’ ಎಂಬ ಕೊಳವೆಯೊಳಗಿನ ಕೊಂತವು (ಪಿಸ್ಟನ್ನು) ಬ್ರೇಕ್ ಎಣ್ಣೆಯನ್ನು ದೂಡುತ್ತದೆ. ಆ ಒತ್ತಡವು ಸಣ್ಣ ಕೊಳವೆಗಳಲ್ಲಿ ಸಾಗಿ ಗಾಲಿಗಳ ಬಳಿಯ ಪಿಸ್ಟನ್ನುಗಳನ್ನು ದೂಡುತ್ತದೆ.

ಇನ್ನು ಬಿಡುವ ಏರ್ಪಾಡನ್ನು ನೋಡೋಣ. ಡ್ರಮ್ಮಿನೊಳಗೆ ಶೂಗಳನ್ನು ಹಿಂದಕ್ಕೆಳೆಯಲು ಬಲವಾದ ಸ್ಪ್ರಿಂಗುಗಳಿವೆ. ಡಿಸ್ಕಿನಲ್ಲಿ ಅಂಥ ಸ್ಪ್ರಿಂಗನ್ನು ಕಾಣೆವು. ಅಲ್ಲಿ ಪಿಸ್ಟನ್ನಿನ ಸುತ್ತ ಇರುವ ರಬ್ಬರಿನ ಬಳೆಯು ಒತ್ತುವಾಗ ತುಸು ತಿರುಚಿಕೊಂಡು, ಒತ್ತಡ ಹೋದೊಡನೆ ತನ್ನ ಮೊದಲಿನ ಆಕಾರಕ್ಕೆ ಮರಳುತ್ತ, ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಮಾಸ್ಟರ್ ಸಿಲಿಂಡರಿನಲ್ಲಿ ಸೂಜಿಯ ಮೊನೆಯಂಥ ಒಂದು ರಂಧ್ರವಿದೆ. ಪೆಡಲು ಪೂರ್ತಿಯಾಗಿ ಮೇಲಕ್ಕೆ ಬಂದಾಗ ಆ ರಂಧ್ರ ತೆರೆದು, ಹೆಚ್ಚಿನ ಎಣ್ಣೆಯು ಮೇಲಿನ ಡಬ್ಬಿಗೆ ಹಿಂತಿರುಗುತ್ತದೆ. ಸ್ಪ್ರಿಂಗು, ರಬ್ಬರಿನ ಬಳೆ, ಸಣ್ಣ ರಂಧ್ರ—ಬ್ರೇಕಿನ ಬಿಡುಗಡೆಯು ಈ ಬಡಪಾಯಿ ವಸ್ತುಗಳ ಕೈಯಲ್ಲಿದೆ.

ನಿಂತಲ್ಲಿಯೇ ಬಿಗಿದ ಗಾಲಿ

ಈಗ ಮೋಮಿನಪುರದ ಕಾರಿಗೆ ಹಿಂತಿರುಗೋಣ. ಅದರ ಡ್ರಮ್ಮು ಬೀಡುಕಬ್ಬಿಣದ್ದು. ಮಳೆಗಾಲದ ತೇವವು ಒಳಹೊಕ್ಕು, ಶೂವಿನ ಲೈನಿಂಗಿಗೂ ಡ್ರಮ್ಮಿಗೂ ನಡುವೆ ತುಕ್ಕು ಬೆಳೆಯಿತು. ಕೈಬ್ರೇಕು ಎಳೆದಿದ್ದುದರಿಂದ ಎರಡೂ ಒಂದನ್ನೊಂದು ಒತ್ತಿಕೊಂಡೇ ಇದ್ದವು. ತುಕ್ಕು ಅವನ್ನು ಅಂಟಿನಂತೆ ಬೆಸೆಯಿತು. ಕೈಬ್ರೇಕಿನ ತಂತಿಯು ಒಂದು ಕವಚದೊಳಗೆ ಓಡಾಡುತ್ತದೆ. ಆ ಕವಚದಲ್ಲಿ ನೀರು ಸೇರಿದ್ದರೆ ತಂತಿಯೂ ತುಕ್ಕು ಹಿಡಿದು, ಹಿಡಿಯನ್ನು ಇಳಿಸಿದರೂ ಹಿಂದಕ್ಕೆ ಸರಿಯುವುದಿಲ್ಲ.

ಪರಿಹಾರವು ಬಲಕ್ಕಿಂತ ತಾಳ್ಮೆಯನ್ನು ಬೇಡುತ್ತದೆ. ಮೊದಲು ಕೈಬ್ರೇಕನ್ನು ನಾಲ್ಕಾರು ಬಾರಿ ಎಳೆದು ಬಿಡಬೇಕು. ಅನಂತರ ಮೊದಲನೆಯ ಗೇರಿನಲ್ಲಿ ಒಮ್ಮೆ, ಹಿಂಬದಿಯ ಗೇರಿನಲ್ಲಿ ಒಮ್ಮೆ, ಮೆಲ್ಲಗೆ ಕ್ಲಚ್ಚು ಬಿಡುತ್ತ ಕಾರನ್ನು ತೊಟ್ಟಿಲಿನಂತೆ ತೂಗಬೇಕು. ಬಹುತೇಕ ತುಕ್ಕಿನ ಬೆಸುಗೆಯು ‘ಟಪ್’ ಎಂಬ ಶಬ್ದದೊಡನೆ ಇಲ್ಲಿಯೇ ಕಳಚುತ್ತದೆ. ಎಂಜಿನನ್ನು ಅಬ್ಬರಿಸಿ ಎಳೆಯಬಾರದು. ಲೈನಿಂಗು ಶೂವಿನಿಂದಲೇ ಕಿತ್ತು ಬಂದು ಡ್ರಮ್ಮಿನೊಳಗೆ ಸಿಕ್ಕಿಕೊಂಡರೆ ಬಿಗಿತವು ಇಮ್ಮಡಿಯಾಗುವುದು.

ಇದರಿಂದ ಫಲ ಕಾಣದಿದ್ದರೆ ಗಾಲಿಯನ್ನು ಬಿಚ್ಚಬೇಕು. ಸಮತಲವಾದ ಗಟ್ಟಿ ನೆಲದಲ್ಲಿ, ಉಳಿದ ಗಾಲಿಗಳ ಹಿಂದೆ ಮುಂದೆ ಕಲ್ಲು ಕೊಟ್ಟು, ಜಾಕಿನಿಂದ ಎತ್ತಿ, ಕಾರಿನ ಚೌಕಟ್ಟಿಗೆ ಗಟ್ಟಿಯಾದ ಕಬ್ಬಿಣದ ಆಸರೆಯನ್ನು ಇಟ್ಟ ಮೇಲೆಯೇ ಕೆಲಸಕ್ಕೆ ಕೈ ಹಾಕಬೇಕು. ಬರಿಯ ಜಾಕನ್ನು ನಂಬಿ ಕಾರಿನ ಕೆಳಗೆ ಹೋಗುವುದು ಪ್ರಾಣಾಪಾಯ. ಗಾಲಿ ತೆಗೆದ ಮೇಲೆ ಡ್ರಮ್ಮಿನ ಅಂಚನ್ನು ಮರದ ಕೊಡತಿಯಿಂದ ಸುತ್ತಲೂ ತಟ್ಟುತ್ತ ಬಂದರೆ ತುಕ್ಕು ಸಡಿಲುವುದು. ಕೆಲವು ಡ್ರಮ್ಮುಗಳ ಮುಖದ ಮೇಲೆ ಮರೆಯುಳ್ಳ ಎರಡು ತೂತುಗಳಿರುತ್ತವೆ. ಅವುಗಳಿಗೆ ತಕ್ಕ ಬೋಲ್ಟುಗಳನ್ನು ಸಮನಾಗಿ ತಿರುಗಿಸುತ್ತ ಹೋದರೆ ಡ್ರಮ್ಮು ತಾನಾಗಿ ಹೊರಕ್ಕೆ ಬರುವುದು. ತುಕ್ಕು ಬಿಡಿಸುವ ಎಣ್ಣೆಯನ್ನು ಹಾಕುವುದಾದರೆ ಅದು ಲೈನಿಂಗಿಗೆ ತಗುಲಬಾರದು; ಎಣ್ಣೆ ಕುಡಿದ ಲೈನಿಂಗು ಮತ್ತೆ ಹಿಡಿಯಲಾರದು. ಒಳಗಿನ ಧೂಳನ್ನು ಬಾಯಿಯಿಂದ ಊದಬಾರದು. ಹಳೆಯ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರಬಹುದು; ಒದ್ದೆ ಬಟ್ಟೆಯಿಂದ ಒರೆಸುವುದೇ ಲೇಸು.

ಭೀಮಾ ನದಿಯು ೨೦೨೦ರ ಅಕ್ಟೋಬರಿನಲ್ಲಿ ಉಕ್ಕಿ ಹರಿದಂಥ ಸಂದರ್ಭಗಳಲ್ಲಿ ಪ್ರವಾಹದ ನೀರಿನಲ್ಲಿ ನಿಂತ ವಾಹನಗಳ ಬ್ರೇಕುಗಳೊಳಗೆ ಕೆಸರೂ ಸೇರುತ್ತದೆ. ಅಂಥ ವಾಹನವನ್ನು ಎಳೆದು ಸಾಗಿಸುವ ಮುನ್ನ ನಾಲ್ಕೂ ಗಾಲಿಗಳನ್ನು ಬಿಚ್ಚಿ ತೊಳೆಯುವುದು ಅವಶ್ಯ.

ಈ ತೊಂದರೆಯೇ ಬಾರದಂತೆ ಮಾಡುವುದು ಬಹು ಸುಲಭ. ಬಹುದಿನ ನಿಲ್ಲಿಸುವ ಕಾರನ್ನು ಸಮನೆಲದಲ್ಲಿ ಗೇರಿನಲ್ಲಿಟ್ಟು, ಗಾಲಿಗೆ ಕಲ್ಲು ಕೊಟ್ಟು, ಕೈಬ್ರೇಕನ್ನು ಬಿಟ್ಟುಬಿಡಬೇಕು. ತೊಳೆದ ಕಾರನ್ನು ಹಾಗೆಯೇ ನಿಲ್ಲಿಸದೆ, ಸ್ವಲ್ಪ ದೂರ ಓಡಿಸಿ ನಾಲ್ಕು ಬಾರಿ ಬ್ರೇಕು ಒತ್ತಿ, ಒಣಗಿಸಿ ನಿಲ್ಲಿಸಬೇಕು.

ಓಡುತ್ತ ಕಾಯುವ ಗಾಲಿ

ಪೂರ್ತಿ ಬಿಗಿಯದೆ ಅರ್ಧ ಹಿಡಿದುಕೊಂಡೇ ಓಡುವ ಗಾಲಿ ಇನ್ನೂ ಹೆಚ್ಚು ಮೋಸದ್ದು. ಕಾರು ಒಂದು ಕಡೆಗೆ ಎಳೆಯುತ್ತದೆ; ಸಮನೆಲದಲ್ಲಿ ನ್ಯೂಟ್ರಲಿಗೆ ತಂದರೆ ಬೇಗ ನಿಲ್ಲುತ್ತದೆ; ಇಂಧನ ಹೆಚ್ಚು ಸುಡುತ್ತದೆ; ಸುಟ್ಟ ವಾಸನೆ ಬರುತ್ತದೆ. ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ಅಂಗೈಯನ್ನು ಪ್ರತಿಯೊಂದು ಗಾಲಿಯ ಸಮೀಪಕ್ಕೆ, ಮುಟ್ಟದಂತೆ, ತಂದು ನೋಡಬೇಕು. ಒಂದು ಗಾಲಿ ಮಾತ್ರ ಜೊತೆಯದಕ್ಕಿಂತ ಹೆಚ್ಚು ಕಾದಿದ್ದರೆ ದೋಷವು ಅಲ್ಲಿಯೇ ಇದೆ. ಕಾದ ಡ್ರಮ್ಮಿಗೆ ತಣ್ಣೀರು ಸುರಿಯಬಾರದು. ಬೀಡುಕಬ್ಬಿಣವು ಬಿರಿಯುವ ಸಂಭವವುಂಟು.

ಇದನ್ನು ಅಲಕ್ಷಿಸಿದರೆ ಆಗುವುದೇನು? ಬ್ರೇಕ್ ಎಣ್ಣೆಗೆ ಗಾಳಿಯ ತೇವವನ್ನು ಹೀರುವ ಸ್ವಭಾವವಿದೆ. ‘ಡಾಟ್ ೩’ ಎಂಬ ದರ್ಜೆಯ ಹೊಸ ಎಣ್ಣೆಯು ೨೦೫ ಡಿಗ್ರಿ ಸೆಲ್ಸಿಯಸ್ಸಿಗೆ ಮುಂಚೆ ಕುದಿಯಬಾರದೆಂದು ನಿಯಮ. ತೇವ ಹೀರಿದ ಮೇಲೆ ಆ ಮಿತಿಯು ೧೪೦ ಡಿಗ್ರಿಗೆ ಇಳಿಯುತ್ತದೆ. ‘ಡಾಟ್ ೪’ ದರ್ಜೆಗೆ ಈ ಮಿತಿಗಳು ೨೩೦ ಮತ್ತು ೧೫೫. ಬೇಸಗೆಯಲ್ಲಿ ಪಾದರಸವು ೪೦ ಡಿಗ್ರಿಯನ್ನು ಮೀರುವ ಕಲಬುರಗಿಯಂಥ ಸೀಮೆಯಲ್ಲಿ, ಹಿಡಿದುಕೊಂಡೇ ಓಡುವ ಬ್ರೇಕು ಈ ಮಿತಿಯನ್ನು ಮುಟ್ಟುವುದು ಕಷ್ಟವಲ್ಲ. ಎಣ್ಣೆ ಕುದಿದು ಆವಿಯಾದರೆ, ದ್ರವದಂತೆ ಆವಿಯು ಒತ್ತಡವನ್ನು ಸಾಗಿಸದೆ ತಾನೇ ಕುಗ್ಗುತ್ತದೆ. ಪೆಡಲು ಪಾದದಡಿ ಪೊಳ್ಳಾಗಿ ನೆಲಕ್ಕೆ ತಾಕುತ್ತದೆ. ಬಿಡದ ಬ್ರೇಕು ಕೊನೆಗೆ ಹಿಡಿಯುವ ಶಕ್ತಿಯನ್ನೂ ಕಳೆದುಕೊಳ್ಳುವುದೆಂದರೆ ಇದೇ. ಆದುದರಿಂದ ಎರಡು ವರ್ಷಕ್ಕೊಮ್ಮೆ ಬ್ರೇಕ್ ಎಣ್ಣೆಯನ್ನು ಪೂರ್ತಿ ಬದಲಾಯಿಸುವುದು ವಿವೇಕ.

ಅರ್ಧ ಹಿಡಿದ ಗಾಲಿಯ ಕಾರಣವನ್ನು ಪತ್ತೆಮಾಡಲು ಅನುಭವಸ್ಥ ಮಿಸ್ತ್ರಿಗಳು ಅನುಸರಿಸುವ ಒಂದು ಅಚ್ಚುಕಟ್ಟಾದ ಪರೀಕ್ಷೆಯಿದೆ. ಗಾಲಿಯನ್ನು ಎತ್ತಿ, ಅದರ ಬ್ರೇಕಿನಲ್ಲಿ ಗಾಳಿ ತೆಗೆಯಲು ಇರುವ ಸಣ್ಣ ನಿಪ್ಪಲನ್ನು ಸ್ವಲ್ಪ ಸಡಿಲಿಸುತ್ತಾರೆ. ಎಣ್ಣೆ ಚಿಮ್ಮಿ ಗಾಲಿಯು ಸರಾಗವಾಗಿ ತಿರುಗತೊಡಗಿದರೆ, ಒತ್ತಡವು ಒಳಗೆ ಸಿಕ್ಕಿಕೊಂಡಿತ್ತೆಂದು ತಿಳಿಯಬೇಕು. ಎಣ್ಣೆ ಬಂದರೂ ಗಾಲಿ ಬಿಗಿಯಾಗಿಯೇ ಇದ್ದರೆ ದೋಷವು ಆ ಗಾಲಿಯ ಯಂತ್ರಭಾಗದಲ್ಲಿಯೇ ಇದೆ.

ಒತ್ತಡ ಸಿಕ್ಕಿಕೊಳ್ಳಲು ಮುಖ್ಯವಾಗಿ ಎರಡು ಕಾರಣಗಳು. ಒಂದು, ಗಾಲಿಯ ಬಳಿಯ ರಬ್ಬರಿನ ಹೋಸ್ ಪೈಪು. ಹೊರಗೆ ಚೆನ್ನಾಗಿ ಕಂಡರೂ ಮುಪ್ಪಾದ ಪೈಪು ಒಳಗೆ ಊದಿಕೊಂಡಿರುತ್ತದೆ. ಕಾಲಿನ ಬಲಕ್ಕೆ ಎಣ್ಣೆಯು ಒಳನುಗ್ಗುತ್ತದೆ, ಹಿಂತಿರುಗುವಾಗ ಬಲ ಸಾಲದೆ ಅಲ್ಲಿಯೇ ನಿಲ್ಲುತ್ತದೆ. ಪೈಪನ್ನು ಬದಲಾಯಿಸುವುದೊಂದೇ ದಾರಿ. ಎರಡನೆಯದು, ಹಿಂದೆ ಹೇಳಿದ ಸೂಜಿಮೊನೆಯ ರಂಧ್ರ ಮುಚ್ಚಿಕೊಳ್ಳುವುದು. ಆಗ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಗಾಲಿಗಳು ಬಿಗಿಯುತ್ತವೆ. ಎಣ್ಣೆಯು ಕಾದು ಹಿಗ್ಗಿದಷ್ಟೂ ಬಿಗಿತ ಹೆಚ್ಚುತ್ತದೆ. ಪೆಡಲಿಗೆ ಸ್ವಲ್ಪ ಬಿಡುವೇ ಇಲ್ಲದಂತೆ ಕೂಡಿಸಿದರೂ ರಂಧ್ರ ತೆರೆಯುವುದಿಲ್ಲ. ಬ್ರೇಕ್ ಎಣ್ಣೆ ಕಡಿಮೆಯಾಯಿತೆಂದು ಎಂಜಿನ್ ಎಣ್ಣೆಯನ್ನೋ ಮತ್ತಾವುದಾದರೂ ಖನಿಜತೈಲವನ್ನೋ ಸುರಿದರಂತೂ ಒಳಗಿನ ರಬ್ಬರುಗಳೆಲ್ಲ ಊದಿಕೊಂಡು ನಾಲ್ಕೂ ಗಾಲಿಗಳು ಸೆರೆಸಿಕ್ಕುತ್ತವೆ. ಒಂದು ಬಟ್ಟಲು ತಪ್ಪು ಎಣ್ಣೆಯಿಂದ ಬ್ರೇಕಿನ ರಬ್ಬರುಗಳನ್ನೆಲ್ಲ ಬದಲಾಯಿಸಬೇಕಾದೀತು.

ಯಂತ್ರಭಾಗದ ದೋಷಗಳು ಹಲವು: ತುಕ್ಕು ಹಿಡಿದ ಪಿಸ್ಟನ್ನು, ಮುರಿದ ಸ್ಪ್ರಿಂಗು, ಒಣಗಿ ಅಂಟಿಕೊಂಡ ಕ್ಯಾಲಿಪರಿನ ಜಾರುಕಡ್ಡಿಗಳು. ಇವನ್ನು ಬಿಚ್ಚಿ, ಸವೆದ ರಬ್ಬರುಗಳನ್ನು ಹೊಸದಾಗಿ ಹಾಕಿ, ಜಾರುಕಡ್ಡಿಗಳಿಗೆ ರಬ್ಬರಿಗೆ ಹಾನಿ ಮಾಡದ ಸಿಲಿಕೋನ್ ಗ್ರೀಸನ್ನೇ ಸವರಬೇಕು. ಲೈನಿಂಗು ಅಥವಾ ಪ್ಯಾಡುಗಳನ್ನು ಬದಲಾಯಿಸುವಾಗ ಎಡಬಲ ಎರಡೂ ಗಾಲಿಗಳಿಗೆ ಒಟ್ಟಿಗೆ ಹಾಕಬೇಕು. ಇಲ್ಲದಿದ್ದರೆ ಕಾರು ಒಂದು ಪಕ್ಕಕ್ಕೆ ಎಳೆಯುವುದು. ಬ್ರೇಕಿನಲ್ಲಿ ದೋಷವೇ ಕಾಣದೆ, ಗಾಲಿ ಗುರುಗುಟ್ಟುತ್ತ ಆಚೀಚೆ ಅಲುಗಾಡುತ್ತಿದ್ದರೆ ಬೇರಿಂಗು ಹಾಳಾಗಿದೆಯೆಂದು ತಿಳಿದು, ಅಂಥ ಕಾರನ್ನು ಓಡಿಸದೆ ದುರಸ್ತಿಗೆ ಕೊಡಬೇಕು.

ತುಳಿದಾಗ ಬಿಗಿಯುವ ಗಾಲಿ

ಕೊನೆಯದಾಗಿ, ಕಮಲಾಪುರದ ದಾರಿಯಲ್ಲಿ ಜಾರಿದ ಕಾರಿನ ಪ್ರಶ್ನೆ. ಇಲ್ಲಿ ಬ್ರೇಕಿನಲ್ಲಿ ದೋಷವಿಲ್ಲ. ಅದು ಚೆನ್ನಾಗಿದ್ದುದರಿಂದಲೇ ಗಾಲಿ ಬಿಗಿಯಿತು. ಕಾರನ್ನು ನಿಲ್ಲಿಸುವುದು ಬ್ರೇಕು ಮಾತ್ರವೇ ಅಲ್ಲ, ಟೈರಿಗೂ ರಸ್ತೆಗೂ ನಡುವಿನ ಹಿಡಿತವೂ ಹೌದು. ಉರುಳುವ ಗಾಲಿಯಲ್ಲಿ, ನೆಲವನ್ನು ಮುಟ್ಟಿರುವ ಟೈರಿನ ಭಾಗವು ಆ ಕ್ಷಣಕ್ಕೆ ನೆಲದ ಮೇಲೆ ನಿಶ್ಚಲವಾಗಿರುತ್ತದೆ, ನಡೆಯುವವನು ಊರಿದ ಹೆಜ್ಜೆಯಂತೆ. ಬಿಗಿದ ಗಾಲಿಯೋ ನೆಲದ ಮೇಲೆ ಉಜ್ಜಿಕೊಂಡು ಸಾಗುತ್ತದೆ. ನೀರು ಚೆಲ್ಲಿದ ಶಹಾಬಾದ ಕಲ್ಲಿನ ನೆಲದ ಮೇಲೆ ನಡೆದವರಿಗೆಲ್ಲ ಇದು ಗೊತ್ತು: ಹೆಜ್ಜೆ ಊರಿರುವ ತನಕ ಭಯವಿಲ್ಲ; ಒಮ್ಮೆ ಜಾರತೊಡಗಿತೆಂದರೆ ತಡೆಯುವುದು ಕಠಿಣ. ಜಾರುವ ಮೇಲ್ಮೈಗಳ ಘರ್ಷಣೆಯು ಜಾರದಿರುವವುಗಳ ಘರ್ಷಣೆಗಿಂತ ಕಡಿಮೆ. ಗಾಲಿಯ ಸುತ್ತುವೇಗವು ಕಾರಿನ ವೇಗಕ್ಕಿಂತ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಕಡಿಮೆಯಿರುವಾಗ ಹಿಡಿತವು ಅತ್ಯಧಿಕ; ಗಾಲಿ ಪೂರ್ತಿ ಬಿಗಿದಾಗ ಅದು ತಗ್ಗುವುದು.

ಹಿಡಿತ ತಗ್ಗಿದರೆ ದೂರ ಬೆಳೆಯುತ್ತದೆ. ಗಂಟೆಗೆ ೬೦ ಕಿ.ಮೀ. ವೇಗದ ಕಾರು ಒಣಗಿದ ಒಳ್ಳೆಯ ರಸ್ತೆಯಲ್ಲಿ, ಘರ್ಷಣೆಯ ಅಂಕ ೦.೮ ಇರುವಾಗ, ಬ್ರೇಕು ಹಿಡಿದಲ್ಲಿಂದ ಸುಮಾರು ೧೮ ಮೀಟರಿನಲ್ಲಿ ನಿಲ್ಲಬಲ್ಲದು. ನೆನೆದ ರಸ್ತೆಯಲ್ಲಿ ಆ ಅಂಕವು ೦.೪ಕ್ಕೆ ಇಳಿದರೆ ೩೫ ಮೀಟರು ಬೇಕು. ಚಾಲಕನು ಅಪಾಯವನ್ನು ಕಂಡು ಕಾಲೂರುವಷ್ಟರಲ್ಲಿ ಕಳೆಯುವ ಒಂದು ಸೆಕೆಂಡಿಗೆ ಇನ್ನೂ ೧೭ ಮೀಟರು ಸೇರಿಸಬೇಕು. ಟ್ರ್ಯಾಕ್ಟರುಗಳ ಗಾಲಿಗೆ ಮೆತ್ತಿ ಬಂದ ಎರೆಮಣ್ಣು ರಸ್ತೆಯ ಮೇಲೆ ನೆನೆದಾಗ, ಅಥವಾ ಒಕ್ಕಣೆಗೆಂದು ಹರಡಿದ ಪೈರಿನ ಹೊಟ್ಟು ಬಿದ್ದಿರುವಾಗ, ಹಿಡಿತವು ಮತ್ತಷ್ಟು ಕುಗ್ಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯವು ದಿಕ್ಕು ತಪ್ಪುವುದು. ಜಾರುವ ಟೈರಿನ ಮೇಲೆ ಘರ್ಷಣೆಯು ಜಾರುವ ದಿಕ್ಕಿಗೆ ನೇರ ಎದುರಾಗಿ ಮಾತ್ರ ವರ್ತಿಸುತ್ತದೆ. ಪಕ್ಕಕ್ಕೆ ತಿರುಗಿಸುವ ಬಲವು ಉಳಿಯುವುದಿಲ್ಲ. ಮುಂದಿನ ಗಾಲಿಗಳು ಬಿಗಿದರೆ ಕಾರು ಚುಕ್ಕಾಣಿಯ ಮಾತು ಕೇಳದೆ ನೇರವಾಗಿ ಸಾಗುವುದು. ಹಿಂದಿನವು ಬಿಗಿದರೆ ಬಾಲವು ಮುಂದಕ್ಕೆ ಸುತ್ತಿ ಕಾರು ಬುಗುರಿಯಂತೆ ತಿರುಗುವುದು. ಬ್ರೇಕು ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬಾಗಿ ಹಿಂದಿನ ಗಾಲಿಗಳು ಹಗುರಾಗುವುದರಿಂದ ಅವು ಬೇಗ ಬಿಗಿಯುತ್ತವೆ. ಆ ಕಾರಣಕ್ಕಾಗಿಯೇ ಹಿಂದಿನ ಬ್ರೇಕಿಗೆ ಕಡಿಮೆ ಒತ್ತಡ ಹೋಗುವಂತೆ ಕಾರನ್ನು ರಚಿಸಿರುತ್ತಾರೆ.

ಬಿಡುವುದನ್ನು ಕಲಿತ ಬ್ರೇಕು

ಹೋಳಿಯ ಅನಂತರ ಕಲಬುರಗಿಯಲ್ಲಿ ಶರಣಬಸವೇಶ್ವರರ ಜಾತ್ರೆ ನಡೆಯುತ್ತದೆ. ಅಲ್ಲಾಗಲಿ ಬೇರೆಲ್ಲಾಗಲಿ ತೇರು ಎಳೆಯುವುದನ್ನು ಕಂಡವರು, ಗಾಲಿಗೆ ಮರದ ತುಂಡು ಕೊಡುವ ಜನರನ್ನು ಗಮನಿಸಿರಬೇಕು. ಅವರು ತುಂಡನ್ನು ಕೊಡುತ್ತಾರೆ, ತೆಗೆಯುತ್ತಾರೆ, ಮತ್ತೆ ಕೊಡುತ್ತಾರೆ. ಹೀಗೆ ಹಿಡಿದು ಬಿಡುವುದರಿಂದಲೇ ತೇರಿನ ವೇಗವೂ ದಾರಿಯೂ ಅವರ ಹತೋಟಿಯಲ್ಲಿರುತ್ತದೆ.

ಇದೇ ಉಪಾಯವನ್ನು ಯಂತ್ರಕ್ಕೆ ಕಲಿಸಿದವರು ಮೊದಲು ವಿಮಾನದವರು. ೧೯೫೦ರ ದಶಕದಲ್ಲಿ ಬ್ರಿಟನ್ನಿನ ಡನ್ಲಪ್ ಸಂಸ್ಥೆಯ ‘ಮ್ಯಾಕ್ಸಾರೆಟ್’ ಎಂಬ ಸಾಧನವು ಇಳಿಯುವ ವಿಮಾನದ ಗಾಲಿಗಳು ಬಿಗಿಯದಂತೆ ಕಾಯುತ್ತಿತ್ತು. ೧೯೬೬ರಲ್ಲಿ ಅದನ್ನು ಜೆನ್ಸನ್ ಎಂಬ ಕಾರಿಗೆ ಅಳವಡಿಸಿದರು. ೧೯೭೮ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯು ಮರ್ಸಿಡಿಸ್ ಕಾರಿಗೆ ವಿದ್ಯುನ್ಮಾನದಿಂದ ನಡೆಯುವ ಏರ್ಪಾಡನ್ನು ಒದಗಿಸಿತು. ಇಂದು ಎ.ಬಿ.ಎಸ್. ಎಂದು ಎಲ್ಲರೂ ಕರೆಯುವುದು ಇದನ್ನೇ. ಪ್ರತಿ ಗಾಲಿಯ ಬಳಿಯೂ ಅದರ ವೇಗವನ್ನು ಅಳೆಯುವ ಸಾಧನವಿರುತ್ತದೆ. ಯಾವುದಾದರೂ ಗಾಲಿಯ ವೇಗವು ಹಠಾತ್ತಾಗಿ ಕುಸಿದರೆ, ಕವಾಟಗಳು ಆ ಗಾಲಿಯ ಒತ್ತಡವನ್ನು ಬಿಟ್ಟು, ಅದು ಉರುಳತೊಡಗಿದೊಡನೆ ಮತ್ತೆ ಒತ್ತುತ್ತವೆ. ಸೆಕೆಂಡಿಗೆ ಹಲವು ಬಾರಿ ಹೀಗೆ ನಡೆಯುವುದು. ಅಷ್ಟು ಚುರುಕು ಮನುಷ್ಯನ ಕಾಲಿಗೆ ಅಸಾಧ್ಯ. ನಮ್ಮ ದೇಶದಲ್ಲಿ ೧೨೫ ಸಿ.ಸಿ.ಗೆ ಮೇಲ್ಪಟ್ಟ ಎಲ್ಲ ಹೊಸ ಮೋಟಾರು ಸೈಕಲ್ಲುಗಳಿಗೂ ಇದು ೨೦೧೯ರ ಏಪ್ರಿಲ್ ಒಂದರಿಂದ ಕಡ್ಡಾಯವಾಯಿತು.

ಎ.ಬಿ.ಎಸ್. ಇರುವ ಕಾರಿನಲ್ಲಿ ಪೆಡಲನ್ನು ಬಲವಾಗಿ ಒತ್ತಿ ಹಿಡಿದೇ ಇರಬೇಕು. ಪಾದದಡಿಯಲ್ಲಿ ಅದು ತಟತಟನೆ ನಡುಗಿದರೆ ಬೆದರಿ ಕಾಲೆತ್ತಬಾರದು. ಒತ್ತುತ್ತಲೇ ಚುಕ್ಕಾಣಿಯಿಂದ ಅಡ್ಡಿಯನ್ನು ತಪ್ಪಿಸಬೇಕು. ಅದರ ಎಚ್ಚರಿಕೆಯ ದೀಪ ಹೊತ್ತಿಯೇ ಇದ್ದರೆ, ಸಾಮಾನ್ಯವಾಗಿ ಬ್ರೇಕು ಕೆಲಸ ಮಾಡುವುದಾದರೂ ಗಾಲಿ ಬಿಗಿಯದೆಂಬ ಭರವಸೆಯಿಲ್ಲ. ಸಡಿಲವಾದ ಗರಸಿನ ಮೇಲೆ ಎ.ಬಿ.ಎಸ್. ಇದ್ದರೂ ನಿಲ್ಲುವ ದೂರ ಹೆಚ್ಚಬಹುದೆಂಬುದು ನೆನಪಿರಲಿ. ಈ ಸಾಧನವಿಲ್ಲದ ಹಳೆಯ ಕಾರಿನಲ್ಲಿ ಗಾಲಿ ಬಿಗಿದು ಜಾರತೊಡಗಿದರೆ, ಮನಸ್ಸು ಎಷ್ಟು ವಿರೋಧಿಸಿದರೂ, ಪೆಡಲಿನ ಮೇಲಿನ ಕಾಲನ್ನು ಕ್ಷಣಮಾತ್ರ ಸಡಿಲಿಸಿ, ಗಾಲಿ ಉರುಳತೊಡಗಿದ ಮೇಲೆ ಮತ್ತೆ ಒತ್ತಬೇಕು. ಸವೆದ ಟೈರಿನ ಕಾರಿಗೆ ಮಾತ್ರ ಯಾವ ಉಪಾಯವೂ ಪೂರ್ಣ ರಕ್ಷಣೆಯನ್ನು ಕೊಡಲಾರದು.

ಮೋಮಿನಪುರದ ಓಣಿಯಲ್ಲಿ ಕದಲದ ಕಾರಿಗೂ ಕಮಲಾಪುರದ ದಾರಿಯಲ್ಲಿ ನಿಲ್ಲದ ಕಾರಿಗೂ ಇರುವ ನಂಟು ಈಗ ವಾಚಕರಿಗೆ ಸ್ಪಷ್ಟವಾಗಿರಬಹುದು. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಕಾರನ್ನು ಮಿಸ್ತ್ರಿಯ ಬಳಿಗೆ ಒಯ್ದಾಗ, ‘ಬ್ರೇಕು ಚೆನ್ನಾಗಿ ಹಿಡಿಯುತ್ತದೆಯೇ?’ ಎಂದು ಎಲ್ಲರೂ ಕೇಳುತ್ತಾರೆ. ‘ಚೆನ್ನಾಗಿ ಬಿಡುತ್ತದೆಯೇ?’ ಎಂಬ ಇನ್ನೊಂದು ಪ್ರಶ್ನೆಯನ್ನೂ ಅದರ ಜೊತೆಗೆ ಕೇಳುವುದು ಒಳ್ಳೆಯದು.